ಹೊಟ್ಟೆಗೆ ಹಾಕಿಕೊಂಡದ್ದು

ಬೆಳಗಿನ ಜಾವ ನಾಲ್ಕೂ ಹತ್ತು. ಪೊಜ್ನಾನಿನ ಡಿಪೋದಲ್ಲಿ
ನನ್ನ ಟ್ರಾಮಿಗಿಂತ ಮೊದಲು ಎಚ್ಚರಾಗುವುದು ನನ್ನ ಕರುಳು.
ಖಾಲಿ ಹೊಟ್ಟೆಗೆ ಕರಿಕಾಫಿ ಸುರಿದು
ತೆಪ್ಪಗಿರು ಅನ್ನುತ್ತೇನೆ.
ಹಳೆಯ ರೇಡಿಯೇಟರಿನಂತೆ
ಗುಳುಗುಳು ಅಂದು ಸುಮ್ಮನಾಗುತ್ತದೆ.

ಹೆಸರು ಬೊಗ್ನಾ. ವಯಸ್ಸು ನಲವತ್ತೇಳು.
ಹತ್ತೊಂಬತ್ತು ವರ್ಷದಿಂದ ಹಳಿಯ ಮೇಲಿದ್ದೇನೆ.
ಹಳಿ ತಪ್ಪಿಲ್ಲ, ಹೊತ್ತು ತಪ್ಪಿಲ್ಲ,
ತಪ್ಪಿದ್ದು ಊಟ ಒಂದೇ.

ಕೊನೆಯ ನಿಲ್ದಾಣದ ಸುತ್ತಿನಲ್ಲಿ ನಾಲ್ಕು ನಿಮಿಷ ಬಿಡುವು.
ಅಷ್ಟರಲ್ಲಿ ಕನ್ನಡಿ ಒರೆಸಬೇಕು, ಬಾಗಿಲು ನೋಡಬೇಕು,
ಶೌಚಕ್ಕೆ ಓಡಬೇಕು. ಅದರ ಬೀಗದ ಕೈ
ಪೆಟ್ರೋಲ್ ಬಂಕಿನವನ ಹತ್ತಿರ,
ಅವನು ಸಿಗರೇಟು ಸೇದಲು ಹೋಗಿರುತ್ತಾನೆ.
ಸರಿ, ತಡಕೋ ಅನ್ನುತ್ತೇನೆ. ತಡಕೊಳ್ಳುತ್ತದೆ.
ತಡಕೊಂಡೂ ತಡಕೊಂಡೂ ಕಲ್ಲಾಗುತ್ತದೆ,
ಒಂದು ದಿನ ಕಲ್ಲು ನೀರಾಗುತ್ತದೆ.
ಯಾರ ಮುಂದೆ ಹೇಳುವುದು ಇದನ್ನ?

ಹೊಟ್ಟೆಪಾಡು ಅನ್ನುತ್ತೇವೆ ಕೆಲಸಕ್ಕೆ;
ಪಾಡು ಪಡುವುದೂ ಹೊಟ್ಟೆಯೇ.
ಇಸ್ಪೀಟು ಹಾಕುವಾಗ ಲ್ಯೂಬೊಮಿರನ ಜೇಬಿನಿಂದ
ಬಿಳಿಮಾತ್ರೆಯ ಪಟ್ಟಿ ಜಾರಿತು. ನನ್ನದೂ ಅದೇ ಕಂಪನಿ.
ಇಬ್ಬರೂ ನಕ್ಕೆವು. ಆಟ ಮುಂದುವರಿಯಿತು.

ನಿಂತೇ ನುಂಗುತ್ತೇನೆ ಬ್ರೆಡ್ಡು, ಅಗಿಯದೆ;
ಜತೆಗೇ ನುಂಗುತ್ತೇನೆ
ಬಾಗಿಲು ಬೇಗ ಮುಚ್ಚಿದೆಯೆಂದು ಉಗಿದ ಮುದುಕನನ್ನ,
ವೇಳಾಪಟ್ಟಿಯಿಂದ ಇನ್ನೊಂದು ನಿಮಿಷ ಕಿತ್ತ ಕಚೇರಿಯನ್ನ,
ಮಗಳು ಫೋನೆತ್ತದ ಭಾನುವಾರವನ್ನ.
ಎಲ್ಲ ಹೊಟ್ಟೆಗೆ ಹಾಕಿಕೋ, ಅಂತಿದ್ದಳು ಅಜ್ಜಿ.
ಹಾಕಿಕೊಂಡೆ ಅಜ್ಜಿ.
ಹೊಟ್ಟೆಗೂ ಒಂದು ತಳ ಇದೆ ಅಂತ ನೀನು ಹೇಳಲಿಲ್ಲ.

ಆಮೇಲೆ ಆ ನವೆಂಬರ್.
ಸೇತುವೆ ದಾಟಿದ ಮೇಲಿನ ತಿರುವು, ತುಂತುರು,
ಹಳದಿ ಟೋಪಿಯ ಹುಡುಗ, ಕೈಯಲ್ಲಿ ಫೋನು,
ಅಡ್ಡ ಬಂದ.
ಬ್ರೇಕು. ಮರಳು. ಗಂಟೆ. ಕಿರುಚಿದ ಕಬ್ಬಿಣ.
ಒಂದು ಗೇಣು ಉಳಿದಿತ್ತು.
ಟೋಪಿ ಸರಿಮಾಡಿಕೊಂಡು ಹೋದ, ತಿರುಗಿಯೂ ನೋಡಲಿಲ್ಲ.
ಗಾಯ? ಫಾರಮ್ಮು ಕೇಳಿತು. ಇಲ್ಲ, ಅಂತ ಬರೆದೆ.
ಆರು ನಿಮಿಷ ತಡ, ಅಂತ ಅವರು ಬರೆದುಕೊಂಡರು.

ಅಂದಿನಿಂದ ಆ ತಿರುವಿನಲ್ಲಿ ನನಗಿಂತ ಮೊದಲು
ಕರುಳು ಬ್ರೇಕು ಹಾಕುತ್ತದೆ.
ಹಳಿ ಖಾಲಿ, ಸಿಗ್ನಲ್ ಹಸಿರು, ಬಿಸಿಲೂ ಇದೆ,
ಅದಕ್ಕೆ ಮಾತ್ರ ಹಳದಿ ಟೋಪಿ ಕಾಣುತ್ತದೆ.

ಒಳಗೆ ಕ್ಯಾಮರಾ ಬಿಟ್ಟು ನೋಡಿದರು.
ಗುಲಾಬಿ ಬಣ್ಣದ ಸುರಂಗ, ಎಲ್ಲ ನಯ.
'ಏನೂ ಇಲ್ಲ' ಅಂದರು ಡಾಕ್ಟರ್ ರತಾಯ್ಚಾಕ್.
ಇಲ್ಲದ್ದು ಇಷ್ಟು ನೋಯುತ್ತದೆಯೇ?
ಆಕೆ ಪೆನ್ನು ಕೆಳಗಿಟ್ಟರು:
'ನಿಮ್ಮ ನೋವು ಸುಳ್ಳಲ್ಲ. ತಲೆ ಹೆದರಿದ್ದನ್ನ
ಹೊಟ್ಟೆ ಮರೆಯುವುದಿಲ್ಲ.
ಕೊನೆಯ ಸಲ ಕೂತು ಉಂಡದ್ದು ಯಾವಾಗ?'
ನಾನು ಗೋಡೆಯ ಕ್ಯಾಲೆಂಡರು ನೋಡಿದೆ.
ಅದು ಹೋದ ವರ್ಷದ್ದು.

ಈಗ ಡಬ್ಬಿ ತರುತ್ತೇನೆ. ಬೇಯಿಸಿದ ಆಲೂಗಡ್ಡೆ,
ಈರುಳ್ಳಿ ಕಲಸಿದ ಗಟ್ಟಿಮೊಸರು, ಇಲ್ಲಿಯವರ ಗ್ಜಿಕ್,
ಭರಣಿಯಲ್ಲಿ ಹುಳಿಬಂದ ಸೌತೆ ಒಂದು.
ಸುತ್ತಿನ ಬೆಂಚಿನ ಮೇಲೆ ಕೂತು
ಹಲ್ಲಿನ ಕೆಲಸ ಹಲ್ಲಿಗೆ ಕೊಡುತ್ತೇನೆ.
ಗುಣವಾಯಿತೇ? ಗೊತ್ತಿಲ್ಲ. ಮಂಗಳವಾರ ಮತ್ತೆ ಹಿಂಡಿತು.
ತಿರುವು ಬಂದಾಗ ಮೆಲ್ಲಗೆ ಹೇಳುತ್ತೇನೆ,
ನಿದ್ದೆಗಣ್ಣಲ್ಲಿ ಬೆಚ್ಚಿದ ಕೂಸಿಗೆ ಹೇಳುವ ಹಾಗೆ:
ಹೋದ ಕಣೇ, ಹುಡುಗ ಮನೆಗೆ ಹೋದ,
ಇಷ್ಟು ಹೊತ್ತಿಗೆ ಅವನಿಗೆ ಮೀಸೆ ಚಿಗುರಿರಬೇಕು.
ಕೆಲವು ದಿನ ನಂಬುತ್ತದೆ.

ಡ್ಯೂಟಿ ಪುಸ್ತಕದಲ್ಲಿ ಒಂದು ಕಲಮು:
ಎರಡು ನಿಮಿಷ ತಡ. ಕಾರಣ?
ಹಿಂದೆಲ್ಲ ಬರೆಯುತ್ತಿದ್ದೆ ಸಿಗ್ನಲ್, ಹಿಮ, ಜನ.
ನಿನ್ನೆ ಬರೆದೆ, ದುಂಡಗೆ, ಒತ್ತಿ:
ಊಟ.